ಲ್ಯಾರಿ ಹೋಮ್ಸ್ ದೊಡ್ಡವನಲ್ಲ ಅನ್ನೋರಿಗೆ ಕೆಲವು ಪ್ರಶ್ನೆಗಳು

ಬಾಕ್ಸಿಂಗ್ ಬಗ್ಗೆ ಮಾತು ಬಂದ್ರೆ ಸಾಕು, ಮೂರು ಹೆಸರು ತಾವಾಗೇ ಬಂದು ಕೂತ್ಕೋತವೆ. ಮೊಹಮ್ಮದ್ ಅಲಿ, ಮೈಕ್ ಟೈಸನ್, ಇನ್ನು ಸ್ವಲ್ಪ ಓದಿಕೊಂಡವರಾದ್ರೆ ರಾಕಿ ಮಾರ್ಸಿಯಾನೊ. ಈ ಪಟ್ಟಿಗೆ ಲ್ಯಾರಿ ಹೋಮ್ಸ್ ಅಂತ ಒಂದು ಹೆಸರು ಸೇರಿಸಿ ನೋಡಿ. "ಯಾರವನು?" ಅಂತ ಕೇಳೋರು ಅರ್ಧ ಜನ. ಉಳಿದರ್ಧ ಜನಕ್ಕೆ ಅವನು ಗೊತ್ತು, ಆದ್ರೆ ಎರಡೇ ಕಾರಣಕ್ಕೆ: ವಯಸ್ಸಾದ ಅಲಿಯನ್ನ ಹೊಡೆದವನು, ಟೈಸನ್ ಕೈಲಿ ಹೊಡೆಸಿಕೊಂಡವನು. ಮುಗೀತು ಕಥೆ.

ಇದು ನನಗೆ ಸರಿ ಕಾಣಲ್ಲ. 'ಸರಿ ಕಾಣಲ್ಲ' ಅನ್ನೋದು ಮೆದುವಾದ ಮಾತಾಯ್ತು, ಇದು ಶುದ್ಧ ಅನ್ಯಾಯ. ಏಳು ವರ್ಷಕ್ಕೂ ಹೆಚ್ಚು ಕಾಲ ಹೆವಿವೇಟ್ ಪಟ್ಟದಲ್ಲಿ ಕೂತಿದ್ದವನು, ಸತತ 20 ಸಲ ಅದನ್ನ ಉಳಿಸಿಕೊಂಡವನು, ಮೊದಲ 48 ಪಂದ್ಯಗಳಲ್ಲಿ ಒಂದನ್ನೂ ಸೋಲದವನು. ಇಂಥವನನ್ನ "ಒಳ್ಳೇ ಚಾಂಪಿಯನ್ ಹೌದು, ಆದ್ರೆ ಸಾರ್ವಕಾಲಿಕ ಶ್ರೇಷ್ಠ ಅಲ್ಲ" ಅಂತ ಬದಿಗೆ ಸರಿಸಬೇಕಾದ್ರೆ ಕಾರಣ ಗಟ್ಟಿ ಇರಬೇಕಲ್ವಾ? ಜನ ಕೊಡೋ ಕಾರಣಗಳನ್ನ ಒಂದೊಂದಾಗಿ ತೆಗೆದು ನೋಡೋಣ. ಗಟ್ಟಿ ಇದ್ರೆ ಒಪ್ಪೋಣ, ಟೊಳ್ಳಾಗಿದ್ರೆ ಎಸೆಯೋಣ.

ಮೊದಲು ಅಳತೆಗೋಲಿನ ವಿಷಯ

ಶ್ರೇಷ್ಠ ಯಾರು ಅನ್ನೋ ಚರ್ಚೆ ಶುರುವಾದ ಐದೇ ನಿಮಿಷಕ್ಕೆ ಯಾರಾದ್ರೂ ಒಬ್ಬರು ಕೇಳೇ ಕೇಳ್ತಾರೆ, "1988ರ ಟೈಸನ್ ಎದುರಿಗೆ 1980ರ ಹೋಮ್ಸ್ ನಿಂತಿದ್ರೆ ಯಾರು ಗೆಲ್ತಿದ್ರು?" ಕೇಳೋಕೆ ಮಜಾ ಇದೆ, ಉತ್ತರದಿಂದ ಮೂರು ಕಾಸಿನ ಪ್ರಯೋಜನ ಇಲ್ಲ. ಯಾಕಂದ್ರೆ ಬಾಕ್ಸಿಂಗಿನಲ್ಲಿ 'ಅ' ಅನ್ನೋನು 'ಆ'ನನ್ನ ಸೋಲಿಸಿ, 'ಆ' ಅನ್ನೋನು 'ಇ'ಯನ್ನ ಸೋಲಿಸಿದ ಮಾತ್ರಕ್ಕೆ 'ಅ' ಅನ್ನೋನು 'ಇ'ಯನ್ನ ಸೋಲಿಸ್ತಾನೆ ಅಂತ ಹೇಳೋಕಾಗಲ್ಲ.

ನಂಬಿಕೆ ಇಲ್ವಾ? 1971ರಲ್ಲಿ ಜೋ ಫ್ರೇಜಿಯರ್ ಅಲಿಯನ್ನ ಸೋಲಿಸಿದ. 1973ರಲ್ಲಿ ಕೆನ್ ನಾರ್ಟನ್ ಅಲಿಯ ದವಡೆ ಮುರಿದು ಗೆದ್ದ. ಅದೇ 1973ರಲ್ಲಿ ಜಾರ್ಜ್ ಫೋರ್ಮನ್ ಎರಡೇ ರೌಂಡಿನಲ್ಲಿ ಫ್ರೇಜಿಯರ್‌ನನ್ನ ಆರು ಸಲ ನೆಲಕ್ಕೆ ಕೆಡವಿದ. 1974ರಲ್ಲಿ ನಾರ್ಟನ್‌ನನ್ನೂ ಎರಡೇ ರೌಂಡಿನಲ್ಲಿ ಮುಗಿಸಿದ. ಲೆಕ್ಕದ ಪ್ರಕಾರ ಫೋರ್ಮನ್ ಅಲಿಯನ್ನ ಪುಡಿ ಮಾಡಬೇಕಿತ್ತು. ಆಗಿದ್ದೇನು? ಅದೇ ವರ್ಷ ಅಕ್ಟೋಬರ್ 30ರಂದು ಕಿನ್ಶಾಸಾದಲ್ಲಿ ಎಂಟನೇ ರೌಂಡಿಗೆ ಅಲಿ ಫೋರ್ಮನ್‌ನನ್ನ ಮಲಗಿಸಿದ! ಈ ಡೇಟಾ ಕೊಟ್ಟು ಸಾರ್ಟ್ ಮಾಡು ಅಂದ್ರೆ ಯಾವ ಪ್ರೋಗ್ರಾಮೂ ಸುತ್ತಿ ಸುತ್ತಿ ಅಲ್ಲೇ ಬಿದ್ದಿರುತ್ತೆ :)

ಹಾಗಾಗಿ ನಡೆಯದೇ ಇರೋ ಪಂದ್ಯಗಳನ್ನ ಬಿಡೋಣ. ನಡೆದಿರೋದನ್ನ ಮಾತ್ರ ನೋಡೋಣ. ನನ್ನ ಅಳತೆ ಮೂರೇ. ಒಂದು, ಎಷ್ಟು ಕಾಲ ಎಷ್ಟು ಸಲ ಪಟ್ಟ ಉಳಿಸಿಕೊಂಡ? ಎರಡು, ಸೋಲಿಸಿದ್ದು ಎಂಥವರನ್ನ? ಮೂರು, ಬಿದ್ದಾಗ ಏನು ಮಾಡಿದ? ಈ ಮೂರನ್ನೂ ಎಲ್ಲರಿಗೂ ಒಂದೇ ಥರ ಹಚ್ಚಬೇಕು. ಒಬ್ಬನಿಗೆ ಒಂದು ಸೇರು, ಇನ್ನೊಬ್ಬನಿಗೆ ಒಂದು ಪಾವು ಅಂದ್ರೆ ಅದು ಅಳತೆ ಅಲ್ಲ, ಮೋಸ.

ಯಾರೀ ಹೋಮ್ಸ್?

ಗೊತ್ತಿಲ್ಲದವರಿಗೆ ಚಿಕ್ಕದಾಗಿ ಹೇಳಿಬಿಡ್ತೀನಿ. ಹುಟ್ಟಿದ್ದು 1949ರಲ್ಲಿ, ಅಮೆರಿಕಾದ ಜಾರ್ಜಿಯಾ ರಾಜ್ಯದ ಕತ್‌ಬರ್ಟ್ ಅನ್ನೋ ಸಣ್ಣ ಊರಲ್ಲಿ. ಬೆಳೆದದ್ದು ಪೆನ್ಸಿಲ್ವೇನಿಯಾದ ಈಸ್ಟನ್‌ನಲ್ಲಿ. ಏಳನೇ ಕ್ಲಾಸಿಗೇ ಓದು ಬಿಟ್ಟು ಕಾರು ತೊಳೆಯೋ ಕೆಲಸಕ್ಕೆ ಸೇರಿದ. 1973ರಲ್ಲಿ ವೃತ್ತಿಪರ ಬಾಕ್ಸರ್ ಆದ. ಆಮೇಲೆ ವರ್ಷಗಟ್ಟಲೆ ಮಾಡಿದ್ದು ಸ್ಪಾರಿಂಗ್ ಪಾರ್ಟ್ನರ್ ಕೆಲಸ. ಅಂದ್ರೆ ದೊಡ್ಡ ದೊಡ್ಡ ಬಾಕ್ಸರ್‌ಗಳು ಪ್ರಾಕ್ಟೀಸ್ ಮಾಡೋವಾಗ ಎದುರಿಗೆ ನಿಂತು ಹೊಡೆಸಿಕೊಳ್ಳೋದು. ಅಲಿ, ಫ್ರೇಜಿಯರ್, ಅರ್ನಿ ಶೇವರ್ಸ್, ಎಲ್ಲರ ಎದುರಿಗೂ ಹೀಗೆ ನಿಂತವನು ಅವನು. ಕಲಿತದ್ದೂ ಅಲ್ಲೇ. ಅವನ ಎಡಗೈ ಜ್ಯಾಬ್ ಇದೆಯಲ್ಲ, ಹೆವಿವೇಟ್ ಇತಿಹಾಸದಲ್ಲೇ ಅದರಷ್ಟು ಒಳ್ಳೇ ಜ್ಯಾಬ್ ಬೆರಳೆಣಿಕೆಯಷ್ಟು ಮಾತ್ರ ಅಂತ ಅವನನ್ನ ಇಷ್ಟಪಡದವರೂ ಒಪ್ತಾರೆ.

ಪಟ್ಟ ಸಿಕ್ಕಿದ್ದು 1978ರ ಜೂನ್ 9ರಂದು, 28ನೇ ವಯಸ್ಸಿಗೆ, ಅಲಿಯ ದವಡೆ ಮುರಿದಿದ್ದ ಅದೇ ಕೆನ್ ನಾರ್ಟನ್ ಎದುರು. ಪಂದ್ಯಕ್ಕೆ ಕೆಲವೇ ದಿನ ಮುಂಚೆ ಎಡತೋಳಿಗೆ ಪೆಟ್ಟಾಗಿತ್ತು. ಅಂದ್ರೆ ಆ ಜ್ಯಾಬಿನ ತೋಳಿಗೇ! ಆದ್ರೂ 15 ರೌಂಡ್ ಆಡಿದ. ಮೂವರು ಜಡ್ಜುಗಳ ಕಾರ್ಡಿನಲ್ಲೂ ಅಂತರ ಒಂದೇ ಒಂದು ಪಾಯಿಂಟ್: ಇಬ್ಬರು 143-142 ಹೋಮ್ಸ್‌ಗೆ, ಒಬ್ಬ 143-142 ನಾರ್ಟನ್‌ಗೆ. ಕೊನೇ ರೌಂಡಿನಲ್ಲಿ ಇಬ್ಬರೂ ಹೊಡೆದಾಡಿದ್ದನ್ನ ಇವತ್ತಿಗೂ ಹೆವಿವೇಟ್‌ನ ಅತ್ಯುತ್ತಮ ರೌಂಡುಗಳಲ್ಲಿ ಒಂದು ಅಂತ ಹೇಳ್ತಾರೆ. ವಿಡಿಯೋ ಸಿಗುತ್ತೆ, ನೋಡಿ.

ಇನ್ನು ಆರೋಪಗಳಿಗೆ ಬರೋಣ.

ಆರೋಪ 1: ಅವನ ಕಾಲದಲ್ಲಿ ಎದುರಾಳಿಗಳೇ ಇರಲಿಲ್ಲ

ಎಲ್ಲಕ್ಕಿಂತ ಹೆಚ್ಚು ಕೇಳಿಬರೋ ಮಾತು ಇದು. ಅಲಿಗೆ ಫ್ರೇಜಿಯರ್, ಫೋರ್ಮನ್ ಇದ್ರು, ಹೋಮ್ಸ್‌ಗೆ ಯಾರಿದ್ರು?

ಇದ್ರಪ್ಪ. ಅರ್ನಿ ಶೇವರ್ಸ್ ಇದ್ದ, ಹೊಡೆತದ ಬಲದಲ್ಲಿ ಅವನಿಗೆ ಸಮ ಯಾರೂ ಇಲ್ಲ ಅನ್ನೋರು ಇವತ್ತಿಗೂ ಇದ್ದಾರೆ. ಹೋಮ್ಸ್ ಅವನನ್ನ ಎರಡು ಸಲ ಸೋಲಿಸಿದ. ಇನ್ನು ಈ ನಾಲ್ಕು ಹೆಸರು ನೋಡಿ: ಮೈಕ್ ವೀವರ್ (1979), ಟ್ರೆವರ್ ಬರ್ಬಿಕ್ (1981), ಟಿಮ್ ವಿದರ್‌ಸ್ಪೂನ್ (1983), 'ಬೋನ್‌ಕ್ರಷರ್' ಸ್ಮಿತ್ (1984). ನಾಲ್ವರನ್ನೂ ಹೋಮ್ಸ್ ಸೋಲಿಸಿದ. ನಾಲ್ವರೂ ಆಮೇಲೆ ಒಂದಲ್ಲ ಒಂದು ಸಂಸ್ಥೆಯ ವಿಶ್ವ ಚಾಂಪಿಯನ್ ಆದ್ರು! ಅಂದ್ರೆ ಅವನು ಸೋಲಿಸಿದಾಗ ಅವರಿಗೆ ಹೆಸರಿರಲಿಲ್ಲ ಅಷ್ಟೇ, ತಾಕತ್ತು ಇರಲಿಲ್ಲ ಅಂತಲ್ಲ. ಇವರೆಲ್ಲ ಹೋಮ್ಸ್ ಎದುರಿಗೆ ಸೋತದ್ದೇ 'ಕಾಲ ದುರ್ಬಲವಾಗಿತ್ತು' ಅನ್ನೋದಕ್ಕೆ ಸಾಕ್ಷಿ ಅಂದ್ರೆ ಹೇಗೆ ಸ್ವಾಮಿ? ಎಲ್ಲರನ್ನೂ ಸೋಲಿಸಿದವನಿಗೆ ನಾವು ಕೊಡೋ ಬಹುಮಾನ, "ಸೋಲಿಸೋಕೆ ಯಾರೂ ಇರ್ಲಿಲ್ಲ ಬಿಡು" ಅನ್ನೋ ಮಾತಾ?

ತಮಾಷೆ ಏನು ಗೊತ್ತಾ? 1986ರಲ್ಲಿ 20 ವರ್ಷದ ಟೈಸನ್ ಅತಿ ಕಿರಿಯ ಹೆವಿವೇಟ್ ಚಾಂಪಿಯನ್ ಆದದ್ದು ಯಾರನ್ನ ಸೋಲಿಸಿ? ಟ್ರೆವರ್ ಬರ್ಬಿಕ್‌ನನ್ನ. ಅದೇ ಬರ್ಬಿಕ್ ಹೋಮ್ಸ್‌ಗೆ ಸಿಕ್ಕಾಗ 'ಕಳಪೆ ಎದುರಾಳಿ', ಟೈಸನ್‌ಗೆ ಸಿಕ್ಕಾಗ 'ಚಾಂಪಿಯನ್'. ನೋಡಿದ್ರಾ ಸೇರು ಪಾವಿನ ವ್ಯಾಪಾರ?

ಹೌದು, ಲೊರೆಂಜೊ ಜಾನೊನ್, ಲೂಸಿಯೆನ್ ರೊಡ್ರಿಗ್ಸ್, ಸ್ಕಾಟ್ ಫ್ರಾಂಕ್ ಥರದ ಸಾಧಾರಣ ಎದುರಾಳಿಗಳೂ ಅವನ ಪಟ್ಟಿಯಲ್ಲಿದ್ದಾರೆ. ಇಪ್ಪತ್ತು ಸಲ ಪಟ್ಟ ಕಾಯಬೇಕಾದ್ರೆ ಇಪ್ಪತ್ತೂ ಸಲ ಹುಲಿಯೇ ಸಿಗಲ್ಲ. ಸತತ 25 ಸಲ ಪಟ್ಟ ಉಳಿಸಿಕೊಂಡ ಜೋ ಲೂಯಿಸ್ ಕಾಲದಲ್ಲಿ, ತಿಂಗಳಿಗೊಬ್ಬ ಕೈಲಾಗದವನನ್ನ ಹಿಡಿದು ತರ್ತಾರೆ ಅಂತ ಪತ್ರಿಕೆಗಳೇ ಗೇಲಿ ಮಾಡ್ತಿದ್ವು. ಅದಕ್ಕೇನು ಲೂಯಿಸ್‌ನನ್ನ ಯಾರಾದ್ರೂ ಪಟ್ಟಿಯಿಂದ ತೆಗೆದಿದ್ದಾರಾ? ಇಲ್ಲ, ತೆಗೆಯಲೂ ಬಾರದು. ಲೂಯಿಸ್ ಆದ್ಮೇಲೆ ಸತತವಾಗಿ ಅತಿ ಹೆಚ್ಚು ಸಲ ಹೆವಿವೇಟ್ ಪಟ್ಟ ಉಳಿಸಿಕೊಂಡವನು ಹೋಮ್ಸ್. ಅದರಲ್ಲೂ ಮೊದಲ ಎಂಟು ಪಂದ್ಯಗಳಲ್ಲಿ ಒಬ್ಬನೂ ಅವನೆದುರು ಕೊನೇ ಗಂಟೆಯವರೆಗೆ ನಿಲ್ಲಲಿಲ್ಲ.

ಆರೋಪ 2: ಮುದುಕ ಅಲಿಯನ್ನ ಹೊಡೆದ

1980ರ ಅಕ್ಟೋಬರ್ 2, ಲಾಸ್ ವೇಗಸ್. ಅಲಿಗೆ 38 ವರ್ಷ. ಎರಡು ವರ್ಷದಿಂದ ಒಂದೂ ಪಂದ್ಯ ಆಡಿರಲಿಲ್ಲ. ತೂಕ ಇಳಿಸೋಕೆ ತಗೊಂಡ ಥೈರಾಯ್ಡ್ ಮಾತ್ರೆ ಮೈಯ ಶಕ್ತಿಯನ್ನೆಲ್ಲ ಹೀರಿತ್ತು. ಹತ್ತು ರೌಂಡ್ ಒಂದೇ ಸಮನೆ ಹೊಡೆಸಿಕೊಂಡ ಮೇಲೆ ಅಲಿಯ ಕಡೆಯವರೇ ಪಂದ್ಯ ನಿಲ್ಲಿಸಿದ್ರು. ಇಡೀ ಜೀವನದಲ್ಲಿ ಅಲಿ ಪೂರ್ತಿ ಆಡಲಾರದೆ ಸೋತದ್ದು ಅದೊಂದೇ ಸಲ.

ನೋಡೋಕೆ ಸಂಕಟ ಆಗುತ್ತೆ, ನಿಜ. ಆದ್ರೆ ತಪ್ಪು ಯಾರದು? ಲೈಸೆನ್ಸ್ ಕೊಟ್ಟ ಕಮಿಷನ್‌ನದು. ದುಡ್ಡಿನಾಸೆಗೆ ಪಂದ್ಯ ಏರ್ಪಡಿಸಿದ ಪ್ರಮೋಟರ್‌ನದು. ಮಾತ್ರೆ ಕೊಟ್ಟವರದು. ಬೇಡ ಅನ್ನದೆ ಸುತ್ತ ನಿಂತು ಚಪ್ಪಾಳೆ ತಟ್ಟಿದ ಬಳಗದ್ದು. ಹೋಮ್ಸ್ ಆ ರಾತ್ರಿ ಹೊಡೀತಾ ಹೊಡೀತಾನೇ ಪಂದ್ಯ ನಿಲ್ಲಿಸಿ ಅನ್ನೋ ಹಾಗೆ ರೆಫರಿ ಕಡೆ ನೋಡ್ತಿದ್ದ. ಮುಗಿದ ಮೇಲೆ ಅತ್ತುಬಿಟ್ಟ. ತನಗೆ ಕೆಲಸ ಕೊಟ್ಟು ಕಲಿಸಿದವನನ್ನ ಲೋಕದ ಮುಂದೆ ಹೊಡೀಬೇಕಾದವನ ಮನಸ್ಸು ಹೇಗಿದ್ದಿರಬೇಕು, ನೀವೇ ಯೋಚಿಸಿ. ಗೆದ್ರೆ "ಮುದುಕನನ್ನ ಹೊಡೆದ", ಸೋತಿದ್ರೆ "ಮುದುಕನಿಗೆ ಸೋತ". ಅತ್ತ ದರಿ ಇತ್ತ ಪುಲಿ ಅಂತಾರಲ್ಲ, ಹಾಗೆ.

ಈಗ ಅದೇ ಅಳತೆಯನ್ನ ಇನ್ನೊಬ್ಬನಿಗೆ ಹಚ್ಚೋಣ. 1951ರಲ್ಲಿ ರಾಕಿ ಮಾರ್ಸಿಯಾನೊ ಎಂಟನೇ ರೌಂಡಿನಲ್ಲಿ ಜೋ ಲೂಯಿಸ್‌ನನ್ನ ಹಗ್ಗದಿಂದಾಚೆ ಕೆಡವಿದ. ಆಗ ಲೂಯಿಸ್ ವಯಸ್ಸು 37. ತೆರಿಗೆ ಸಾಲ ತೀರಿಸೋಕೆ ಅಂತ ಮತ್ತೆ ರಿಂಗಿಗೆ ಇಳಿದಿದ್ದ ಪಾಪ. ಆಮೇಲೆ ಮಾರ್ಸಿಯಾನೊ ಕೂಡ ಅತ್ತನಂತೆ. ಅದನ್ನ ಜನ ಹೇಗೆ ಹೇಳ್ತಾರೆ? "ಹೊಸ ಯುಗದ ಆರಂಭ" ಅಂತ. ಅವನು ಪಟ್ಟ ಗೆದ್ದದ್ದು 38 ವರ್ಷದ ಜೆರ್ಸಿ ಜೋ ವಾಲ್ಕಾಟ್ ಎದುರು. ಕೊನೇ ಪಂದ್ಯ ಆಡಿದ್ದು ನಲವತ್ತರ ಆಸುಪಾಸಿನಲ್ಲಿದ್ದ ಆರ್ಚಿ ಮೂರ್ ಎದುರು. ಪಟ್ಟ ಕಾಯ್ದದ್ದು ಒಟ್ಟು ಆರು ಸಲ. ಮಾರ್ಸಿಯಾನೊ ಸಣ್ಣವನು ಅಂತ ನಾನು ಹೇಳ್ತಿಲ್ಲ, ಖಂಡಿತ ಇಲ್ಲ. ಆದ್ರೆ ಅವನ ಮುದುಕರು ಲೆಕ್ಕಕ್ಕೆ ಬರ್ತಾರೆ, ಹೋಮ್ಸ್‌ನ ಒಬ್ಬ ಮುದುಕ ಕಳಂಕ ಆಗ್ತಾನೆ ಅಂದ್ರೆ ಅದಕ್ಕೆ ಕಾರಣ ಬಾಕ್ಸಿಂಗ್ ಅಲ್ಲ.

ಆರೋಪ 3: ಟೈಸನ್ ನಾಲ್ಕೇ ರೌಂಡಿಗೆ ಮುಗಿಸಿದ

1988ರ ಜನವರಿ 22. ಟೈಸನ್‌ಗೆ 21, ಹೋಮ್ಸ್‌ಗೆ 38. ಹೋಮ್ಸ್ ಅದಕ್ಕೂ ಮುಂಚೆ 21 ತಿಂಗಳು ರಿಂಗಿಗೇ ಇಳಿದಿರಲಿಲ್ಲ. ನಾಲ್ಕನೇ ರೌಂಡಿನಲ್ಲಿ ಮೂರು ಸಲ ಬಿದ್ದ.

ಅಲ್ಲಾ ಮಾರಾಯ್ರೆ, ಹೋಮ್ಸ್ 38 ವರ್ಷದ ಅಲಿಯನ್ನ ಸೋಲಿಸಿದ್ರೆ ಲೆಕ್ಕಕ್ಕಿಲ್ಲ, ಆದ್ರೆ ಟೈಸನ್ 38 ವರ್ಷದ ಹೋಮ್ಸ್‌ನನ್ನ ಸೋಲಿಸಿದ್ರೆ ಅದು ಹೋಮ್ಸ್ ಸಣ್ಣವನು ಅನ್ನೋದಕ್ಕೆ ಪುರಾವೆಯಾ? ಎರಡರಲ್ಲಿ ಒಂದನ್ನ ಆರಿಸಿಕೊಳ್ಳಿ. ಎರಡೂ ಒಟ್ಟಿಗೆ ಆಗಲ್ಲ.

ಇನ್ನೊಂದು ವಿಷಯ. ಹೋಮ್ಸ್ ಆಡಿದ್ದು ಒಟ್ಟು 75 ಪಂದ್ಯ. 69 ಗೆಲುವು, 6 ಸೋಲು. ಆ 75ರಲ್ಲಿ ನಾಕೌಟ್ ಆಗಿ ಸೋತದ್ದು ಅದೊಂದೇ ಸಲ.

ಮೂರನೇ ಅಳತೆ ನೆನಪಿದೆಯಾ, ಬಿದ್ದಾಗ ಏನು ಮಾಡಿದ ಅಂತ? 1979ರ ಸೆಪ್ಟೆಂಬರ್‌ನಲ್ಲಿ ಶೇವರ್ಸ್ ಏಳನೇ ರೌಂಡಿನಲ್ಲಿ ಹೊಡೆದ ಬಲಗೈ ಏಟಿಗೆ ಹೋಮ್ಸ್ ಬುಡ ಕಡಿದ ಮರದ ಹಾಗೆ ಅಂಗಾತ ಬಿದ್ದ. ನೋಡ್ತಿದ್ದವರು ಮುಗೀತು ಅಂದ್ಕೊಂಡ್ರು. ಎದ್ದ. ಎದ್ದು ಹನ್ನೊಂದನೇ ರೌಂಡಿಗೆ ಶೇವರ್ಸ್‌ನ ಕಥೆ ಮುಗಿಸಿದ. 1981ರಲ್ಲಿ ರೆನಾಲ್ಡೊ ಸ್ನೈಪ್ಸ್ ಎದುರು ಮತ್ತೆ ಏಳನೇ ರೌಂಡಿಗೆ ಬಿದ್ದ, ಮತ್ತೆ ಎದ್ದು ಹನ್ನೊಂದಕ್ಕೆ ಮುಗಿಸಿದ. ಟೈಸನ್? 1990ರಲ್ಲಿ ಟೋಕಿಯೋದಲ್ಲಿ ಬಸ್ಟರ್ ಡಗ್ಲಸ್ ಎದುರು, 1996ರಲ್ಲಿ ಹೋಲಿಫೀಲ್ಡ್ ಎದುರು, 2002ರಲ್ಲಿ ಲೆನಾಕ್ಸ್ ಲೂಯಿಸ್ ಎದುರು ಬಿದ್ದ. ಮೂರೂ ಪಂದ್ಯ ಸೋತ. ಇಡೀ ವೃತ್ತಿಜೀವನದಲ್ಲಿ ಬಿದ್ದು ಎದ್ದು ಗೆದ್ದ ಪಂದ್ಯ ಅವನಿಗೆ ಒಂದೂ ಇಲ್ಲ. 1986ರಿಂದ 1988ರವರೆಗಿನ ಟೈಸನ್‌ನನ್ನ ನೋಡಿದ್ರೆ ನನಗೂ ಮೈ ಜುಂ ಅನ್ನುತ್ತೆ. ಆದ್ರೆ ಮಿಂಚು ಬೇರೆ, ಏಳು ವರ್ಷ ಆರದೆ ಉರಿಯೋ ದೀಪ ಬೇರೆ.

ಆರೋಪ 4: ಕಷ್ಟದ ಎದುರಾಳಿಗಳಿಂದ ತಪ್ಪಿಸಿಕೊಂಡ

ಇದೊಂದೇ ಸ್ವಲ್ಪ ತೂಕ ಇರೋ ಆರೋಪ, ಅದಕ್ಕೇ ನೇರವಾಗಿ ಮಾತಾಡ್ತೀನಿ. ವಿದರ್‌ಸ್ಪೂನ್ ಎದುರು 1983ರಲ್ಲಿ ಗೆದ್ದದ್ದು ಒಡೆದ ತೀರ್ಪಿನಲ್ಲಿ, 1985ರಲ್ಲಿ ಕಾರ್ಲ್ ವಿಲಿಯಮ್ಸ್ ಎದುರಿನ ಗೆಲುವನ್ನ ಒಪ್ಪದವರು ಬೇಕಾದಷ್ಟಿದ್ದಾರೆ. ವಿದರ್‌ಸ್ಪೂನ್ ಜೊತೆ ಹೋಮ್ಸ್ ಮತ್ತೆ ಆಡಲಿಲ್ಲ. ಗ್ರೆಗ್ ಪೇಜ್ ಮೊದಲ ಸರದಿಯಲ್ಲಿ ನಿಂತಿದ್ದಾಗ ಇವನು ಆಡಿದ್ದು ಹತ್ತೇ ಪಂದ್ಯದ ಅನುಭವ ಇದ್ದ ಮಾರ್ವಿಸ್ ಫ್ರೇಜಿಯರ್ ಜೊತೆ. ಒಂದೇ ರೌಂಡಿಗೆ ಮುಗಿಸಿದ. ಅದಾದ ಕೂಡಲೇ, 1983ರ ಡಿಸೆಂಬರ್‌ನಲ್ಲಿ, ಡಬ್ಲ್ಯುಬಿಸಿ ಬೆಲ್ಟ್ ಬಿಟ್ಟುಕೊಟ್ಟು ಆಗಷ್ಟೇ ಹುಟ್ಟಿದ್ದ ಐಬಿಎಫ್ ಕಡೆ ಹೋದ. ಇನ್ನೊಂದು ಬೆಲ್ಟ್ ಇದ್ದವನ ಜೊತೆ ಆಡಿ ಎರಡನ್ನೂ ಒಂದು ಮಾಡಲೇ ಇಲ್ಲ. ಇದು ಅವನ ದಾಖಲೆಯಲ್ಲಿರೋ ರಂಧ್ರ. ಲೂಯಿಸ್ ಮತ್ತು ಅಲಿಗಿಂತ ಅವನನ್ನ ಕೆಳಗಿಡೋಕೆ ಇದು ಸಾಕು, ನಾನೂ ಕೆಳಗೇ ಇಡ್ತೀನಿ.

ಆದ್ರೆ ಹೆದರಿ ಓಡಿದ ಅಂತೀರಲ್ಲ, ಯಾರಿಗೆ ಹೆದರಿದ? ಅವನು ಬಿಟ್ಟ ಬೆಲ್ಟಿಗೆ 1984ರ ಮಾರ್ಚ್‌ನಲ್ಲಿ ಪೇಜ್ ಮತ್ತು ವಿದರ್‌ಸ್ಪೂನ್ ಹೊಡೆದಾಡಿದ್ರು. ಗೆದ್ದದ್ದು ವಿದರ್‌ಸ್ಪೂನ್, ಹೋಮ್ಸ್ ಆಗಲೇ ಸೋಲಿಸಿದ್ದವನು. ಅದಕ್ಕೂ ಮೊದಲು 1982ರಲ್ಲಿ ಪೇಜ್‌ಗೆ ಮೊದಲ ಸೋಲಿನ ರುಚಿ ತೋರಿಸಿದ್ದು ಬರ್ಬಿಕ್, ಅವನನ್ನೂ ಹೋಮ್ಸ್ ಆಗಲೇ ಸೋಲಿಸಿದ್ದ. ಇದರಿಂದ ಹೋಮ್ಸ್ ಪೇಜ್‌ನನ್ನ ಸೋಲಿಸೇ ಸೋಲಿಸ್ತಿದ್ದ ಅಂತ ನಾನು ಹೇಳಲ್ಲ, ಆ ಲೆಕ್ಕ ನಡೆಯಲ್ಲ ಅಂತ ಮೇಲೇ ಹೇಳಿದ್ದೀನಿ. ಆದ್ರೆ ಇವರ ಮಟ್ಟದವರಿಗೆ ಹೆದರೋ ಮನುಷ್ಯ ಅವನಾಗಿರಲಿಲ್ಲ ಅನ್ನೋದಕ್ಕೆ ಇಷ್ಟು ಸಾಕು. ದುಡ್ಡಿನ ಲೆಕ್ಕ ಹಾಕಿದ, ಅದು ನಿಜ. ಗಂಟೆಗೆ ಒಂದು ಡಾಲರಿಗೆ ಕಾರು ತೊಳೆದವನು ದುಡ್ಡಿನ ಲೆಕ್ಕ ಹಾಕಿದ್ದಕ್ಕೆ ನಾನಂತೂ ಕಲ್ಲು ಹೊಡೆಯಲ್ಲ.

ಆರೋಪ 5: ಬಾಯಿ ಸರಿ ಇರಲಿಲ್ಲ

ನನ್ನ ಪ್ರಕಾರ ನಿಜವಾದ ಸಿಟ್ಟು ಇರೋದು ಇಲ್ಲಿ. 1985ರ ಸೆಪ್ಟೆಂಬರ್ 21. ಹೋಮ್ಸ್ 48-0. ಇನ್ನೊಂದು ಗೆದ್ರೆ ಮಾರ್ಸಿಯಾನೊನ 49-0 ಸಮ. ಮಾರ್ಸಿಯಾನೊ ಕೊನೇ ಪಂದ್ಯ ಆಡಿ ಅವತ್ತಿಗೆ ಸರಿಯಾಗಿ 30 ವರ್ಷ. ಎದುರಿಗಿದ್ದವನು ಕೆಳಗಿನ ತೂಕದಿಂದ ಮೇಲೆ ಬಂದ ಮೈಕೆಲ್ ಸ್ಪಿಂಕ್ಸ್. ಸ್ಪಿಂಕ್ಸ್ ಪಾಯಿಂಟ್ ಮೇಲೆ ಗೆದ್ದ. ಪಟ್ಟದಲ್ಲಿದ್ದ ಲೈಟ್ ಹೆವಿವೇಟ್ ಚಾಂಪಿಯನ್ ಒಬ್ಬ ಹೆವಿವೇಟ್ ಪಟ್ಟ ಗೆದ್ದದ್ದು ಅದೇ ಮೊದಲು. ಸೋತ ಕಹಿಯಲ್ಲಿ ಹೋಮ್ಸ್, ಮಾರ್ಸಿಯಾನೊ ತನ್ನ ಲಂಗೋಟಿ ಹೊರೋಕೂ ಲಾಯಕ್ಕಲ್ಲ ಅನ್ನೋ ಅರ್ಥದ ಮಾತಾಡಿಬಿಟ್ಟ. ಸತ್ತವನ ಬಗ್ಗೆ ಆಡಬಾರದ ಮಾತು. ಕೆಟ್ಟ ಮಾತು.

ಆದ್ರೆ ಆ ಒಂದು ಸಾಲಿಗೆ ಅವನು ಕಟ್ಟಿದ ದಂಡ ಎಷ್ಟು ನೋಡಿ. ಸೋನಿ ಲಿಸ್ಟನ್‌ನನ್ನ ಕರಡಿ ಅಂತ, ಫ್ರೇಜಿಯರ್‌ನನ್ನ ಗೊರಿಲ್ಲ ಅಂತ ಅಲಿ ಕರೆದದ್ದನ್ನ ನಾವು ನಗ್ತಾ ನೆನಪಿಸಿಕೊಳ್ತೀವಿ. ಫ್ರೇಜಿಯರ್ ಆ ನೋವನ್ನ ದಶಕಗಳವರೆಗೆ ಹೊತ್ತುಕೊಂಡು ತಿರುಗಿದ. ಟೈಸನ್ 1997ರಲ್ಲಿ ಎದುರಾಳಿಯ ಕಿವಿಯನ್ನೇ ಕಚ್ಚಿದ, ಅದೂ ಈಗ ಜೋಕ್. ಹೋಮ್ಸ್‌ನ ಒಂದು ಸಾಲು ಮಾತ್ರ ಯಾರಿಗೂ ಮರೆತಿಲ್ಲ.

ಅವನ ನಾಲಿಗೆ ಯಾಕೆ ಅಷ್ಟು ಕಹಿಯಾಯ್ತು ಅಂತಲೂ ಕೇಳಬೇಕಲ್ವಾ? 1982ರಲ್ಲಿ ಗೆರ್ರಿ ಕೂನಿ ಜೊತೆ ಆಡಿದ. ಹೋಮ್ಸ್ ಅಜೇಯ ಚಾಂಪಿಯನ್, ಕೂನಿ ಸವಾಲು ಹಾಕಿದವನು. ಆದ್ರೆ ಕೂನಿ ಬಿಳಿಯ. ಇಡೀ ಪ್ರಚಾರ ನಡೆದದ್ದೇ ಚರ್ಮದ ಬಣ್ಣದ ಮೇಲೆ. ಟೈಮ್ ಪತ್ರಿಕೆಯ ಮುಖಪುಟದಲ್ಲಿ ಬಂದದ್ದು ಕೂನಿ, ಜೊತೆಗೆ 'ರಾಕಿ' ಸಿನಿಮಾದ ಸಿಲ್ವೆಸ್ಟರ್ ಸ್ಟಾಲನ್. ಚಾಂಪಿಯನ್ ಅಲ್ಲ! ರಿಂಗಿನಲ್ಲಿ ಚಾಂಪಿಯನ್ ಹೆಸರನ್ನ ಕೊನೆಗೆ ಕರೆಯೋದು ಪದ್ಧತಿ, ಅವತ್ತು ಹೋಮ್ಸ್ ಹೆಸರನ್ನ ಮೊದಲು ಕರೆದ್ರು. ಹೋಮ್ಸ್ ಏನು ಮಾಡಿದ? 13ನೇ ರೌಂಡಿಗೆ ಕೂನಿಯನ್ನ ಮುಗಿಸಿದ. ಆಮೇಲೆ ಅದೇ ಕೂನಿ ಜೊತೆ ಸ್ನೇಹವನ್ನೂ ಬೆಳೆಸಿದ. ವರ್ಷಗಟ್ಟಲೆ ಸಿಗಬೇಕಾದ ಮರ್ಯಾದೆ ಸಿಗದವನು ಒಂದು ದಿನ ಬಾಯಿ ಹರಿಬಿಟ್ಟ. ಅದನ್ನ ಅವನ ಸ್ವಭಾವದ ಖಾತೆಗೆ ಬರ್ಕೊಳ್ಳಿ, ಬೇಡ ಅನ್ನಲ್ಲ. ಬಾಕ್ಸಿಂಗ್ ಖಾತೆಗೆ ಬರೀಬೇಡಿ.

ಕೊನೆಗೊಂದು ಪಂದ್ಯ

ಇಷ್ಟೆಲ್ಲ ಹೇಳಿದ್ಮೇಲೂ ಅನುಮಾನ ಇರೋರು 1992ರ ಫೆಬ್ರವರಿ 7ರ ಪಂದ್ಯ ನೋಡಿ. ಹೋಮ್ಸ್‌ಗೆ 42. ಎದುರಿಗೆ ರೇ ಮರ್ಸರ್, 1988ರ ಒಲಿಂಪಿಕ್ಸ್ ಚಿನ್ನದ ಪದಕದವನು, ಅಲ್ಲಿಯವರೆಗೆ ಒಂದೂ ಸೋಲದವನು. ಎಲ್ಲರೂ ಹೋಮ್ಸ್ ಸೋಲ್ತಾನೆ ಅಂತಾನೇ ಬಂದಿದ್ರು. ಅಜ್ಜ ಮೂಲೆಯಲ್ಲಿ ಬೆನ್ನು ಕೊಟ್ಟು ನಿಂತು, ಹುಡುಗ ಹೊಡೆಯೋ ಏಟನ್ನೆಲ್ಲ ಭುಜದಲ್ಲಿ ಜಾರಿಸಿ, ಸಂದಿನಲ್ಲಿ ಬಲಗೈ ಹಾಕ್ತಾ 12 ರೌಂಡ್ ಪಾಠ ಹೇಳಿಕೊಟ್ಟ. ಮೂವರು ಜಡ್ಜುಗಳೂ ಅವನಿಗೇ ಕೊಟ್ರು. ಮೂರೇ ವರ್ಷ ಬಿಟ್ಟು, 45ನೇ ವಯಸ್ಸಿನಲ್ಲಿ ಡಬ್ಲ್ಯುಬಿಸಿ ಚಾಂಪಿಯನ್ ಆಲಿವರ್ ಮೆಕಾಲ್ ಎದುರು ಪೂರ್ತಿ 12 ರೌಂಡ್ ನಿಂತು ಕೂದಲೆಳೆಯಲ್ಲಿ ಸೋತ. ಮೈಯ ವೇಗ ಹೋದ್ಮೇಲೂ ಉಳಿಯೋದು ವಿದ್ಯೆ. ಆ ವಿದ್ಯೆ ಎಷ್ಟಿತ್ತು ಅನ್ನೋದಕ್ಕೆ ಇದಕ್ಕಿಂತ ಸಾಕ್ಷಿ ಬೇಕಾ?

ನನ್ನ ಪಟ್ಟಿ ಹೇಳಿಬಿಡ್ತೀನಿ. ಜೋ ಲೂಯಿಸ್, ಮೊಹಮ್ಮದ್ ಅಲಿ, ಈ ಇಬ್ಬರ ಮುಂದೆ ಯಾರೂ ಇಲ್ಲ. ಅವರ ಹಿಂದೆ ಮೂರನೇ ಕುರ್ಚಿ ಲ್ಯಾರಿ ಹೋಮ್ಸ್‌ನದು. ಅದು ಫೋರ್ಮನ್‌ಗೆ ಬೇಕು, ಲೆನಾಕ್ಸ್ ಲೂಯಿಸ್‌ಗೆ ಬೇಕು ಅಂತ ವಾದ ಮಾಡಿದ್ರೆ ಕೂತು ಕೇಳ್ತೀನಿ. ಆದ್ರೆ ಆ ಸಾಲಿನಲ್ಲೇ ಹೋಮ್ಸ್‌ಗೆ ಕುರ್ಚಿ ಇಲ್ಲ ಅನ್ನೋರ ಮಾತನ್ನ ಮಾತ್ರ ಕೇಳೋಕಾಗಲ್ಲ.

ಯಾಕೆ ಇಷ್ಟು ತಲೆ ಕೆಡಿಸಿಕೊಳ್ತೀಯ ಅಂತ ಕೇಳಬಹುದು. ಇದು ತಲೆಗೆ ಏಟು ತಿಂದು ದುಡಿಯೋ ಕೆಲಸ. ಅಲಿಗೆ 1984ರಲ್ಲಿ ಪಾರ್ಕಿನ್‌ಸನ್ ಲಕ್ಷಣ ಅಂತ ಡಾಕ್ಟರ್‌ಗಳು ಹೇಳಿದ್ರು, 2016ರಲ್ಲಿ ಸಾಯೋವರೆಗೂ ಬಿಡಲಿಲ್ಲ. ಈ ಕೆಲಸಕ್ಕೆ ಮೈ ಕೊಟ್ಟವರಿಗೆ ದುಡ್ಡು ಬಿಟ್ರೆ ನಾವು ಕೊಡೋಕಾಗೋದು ಒಂದೇ, ಸರಿಯಾದ ಲೆಕ್ಕ. ಕಥೆ ಚೆನ್ನಾಗಿರೋರಿಗೆ ಮಾತ್ರ ಲೆಕ್ಕ ಜಾಸ್ತಿ ಬರೆದು, ದಿನಾ ಬಂದು ಕೆಲಸ ಮುಗಿಸಿ ಹೋದವನ ಪುಟ ಹರಿದ್ರೆ ಹೇಗೆ? ಈಸ್ಟನ್‌ನಲ್ಲಿ ಡೆಲವೇರ್ ನದಿ ಪಕ್ಕದ ರಸ್ತೆಗೆ ಅವನ ಹೆಸರಿಟ್ಟಿದ್ದಾರೆ. 2008ರಲ್ಲಿ ಬಾಕ್ಸಿಂಗ್ ಹಾಲ್ ಆಫ್ ಫೇಮ್‌ಗೂ ಸೇರಿಸಿದ್ರು. ಅವನ ಊರಿನವರಿಗೆ ಗೊತ್ತು, ಆಟ ಬಲ್ಲವರಿಗೂ ಗೊತ್ತು. ಗೊತ್ತಾಗಬೇಕಾದ್ದು ನಮಗೆ.

ಅಲಿ ಆದ್ಮೇಲೆ ಬಂದದ್ದು, ಟೈಸನ್‌ಗಿಂತ ಮುಂಚೆ ಬಂದದ್ದು, ಇವೆರಡೇ ಅವನು ಮಾಡಿದ ತಪ್ಪು. ಏನಂತೀರಿ?